ಸೆಕೆಗಾಲದಲ್ಲಿ ಗೇಮಿಂಗ್ ಲ್ಯಾಪ್‌ಟಾಪ್‌ನ ವೇಗ ಉಳಿಸಿಕೊಳ್ಳುವುದು

ಪ್ರೊಸೆಸರ್ ಕಳಚಿ ಹೊಸದು ಹಾಕುವ ಆಸೆ ಬಿಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಅದು ಮದರ್‌ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಓವರ್‌ಕ್ಲಾಕಿಂಗ್ (ಚಿಪ್ಪನ್ನು ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುವುದು) ಕೂಡ ಇಂಟೆಲ್‌ನ ಎಚ್‌ಎಕ್ಸ್‌ನಂಥ ಕೆಲವು ಮಾದರಿಗಳಿಗಷ್ಟೇ. ಕಾಸರಗೋಡಿನ ಎಪ್ರಿಲ್ ಸೆಕೆಗೆ, ಎಸಿ ಇಲ್ಲದ ಕೋಣೆಯಲ್ಲಿ, ಚಿಪ್ 95–100 ಡಿಗ್ರಿ ಮುಟ್ಟಿ ತಾನೇ ವೇಗ ಇಳಿಸಿಕೊಳ್ಳುತ್ತದೆ. ಇಲ್ಲಿ ನಿಜವಾದ ಲಾಭ ಚಿಪ್‌ನ ವೋಲ್ಟೇಜ್ ಇಳಿಸಿ ಬಿಸಿ ತಗ್ಗಿಸುವುದರಲ್ಲಿ.

ಮೊದಲು ಬ್ಯಾಟರಿ ಕನೆಕ್ಟರ್ ಬಿಡಿಸಿ ಫ್ಯಾನಿನ ಧೂಳು ತೆಗೆಯಿರಿ. ಚಿಪ್‌ನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ಹೊಸದು ಹಚ್ಚಿ. ಒಳಗೆ ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್ (ವಿದ್ಯುತ್ ಹರಿಸುವ ದ್ರವಲೋಹ) ಇದ್ದರೆ ಮಾತ್ರ ಕೈಹಾಕಬೇಡಿ, ಒಂದು ಹನಿ ಜಾರಿದರೂ ಬೋರ್ಡ್ ಶಾರ್ಟ್.

ಆಮೇಲೆ ಇಂಟೆಲ್ ಯಂತ್ರದಲ್ಲಿ ಥ್ರಾಟಲ್‌ಸ್ಟಾಪ್ ಎಂಬ ತಂತ್ರಾಂಶ ತೆರೆದು, ವೋಲ್ಟೇಜ್ ಹೊಂದಿಸುವ ಎಫ್‌ಐವಿಆರ್ ವಿಭಾಗದಲ್ಲಿ ಸಿಪಿಯು ಕೋರ್ ಮತ್ತು ಕ್ಯಾಶ್ ಎರಡಕ್ಕೂ −50 ಮಿಲಿವೋಲ್ಟ್ ಕೊಡಿ. ಒಂದಕ್ಕೇ ಕೊಟ್ಟರೆ ಹಲವು ಮಾದರಿಗಳಲ್ಲಿ ಏನೂ ಬದಲಾಗದು. ಪ್ರೊಸೆಸರ್‌ಗೆ ಪೂರ್ತಿ ಕೆಲಸ ಕೊಡುವ ಪರೀಕ್ಷಾ ತಂತ್ರಾಂಶ ಸಿನೆಬೆಂಚ್ ಅನ್ನು 10 ನಿಮಿಷ ಓಡಿಸಿ. ತೊಂದರೆಯಿಲ್ಲದಿದ್ದರೆ 10 ಮಿಲಿವೋಲ್ಟಿನಂತೆ ಇಳಿಸುತ್ತಾ ಹೋಗಿ. ವಿಂಡೋಸ್ ಕುಸಿದು ನೀಲಿ ಪರದೆ ಬಂದರೆ 20 ಮಿಲಿವೋಲ್ಟ್ ಹಿಂದಕ್ಕೆ ಬನ್ನಿ. ಕೆಲವು ದಿನ ಗೇಮ್ ಆಡಿ ನೋಡುವ ತನಕ ಥ್ರಾಟಲ್‌ಸ್ಟಾಪನ್ನು ಸ್ಟಾರ್ಟಪ್‌ಗೆ ಸೇರಿಸಬೇಡಿ.

ವೋಲ್ಟೇಜ್ ಸ್ಲೈಡರ್ ಅಲುಗದಿದ್ದರೆ ಬಯೋಸ್ (ಬೋರ್ಡಿನ ಮೂಲ ತಂತ್ರಾಂಶ) ಬೀಗ ಹಾಕಿದೆ: 2019ರಲ್ಲಿ ವೋಲ್ಟೇಜ್ ಇಳಿಸಿ ಚಿಪ್‌ನ ಭದ್ರತೆ ಮುರಿಯಬಲ್ಲ ಪ್ಲಂಡರ್‌ವೋಲ್ಟ್ ದೋಷ ಬಯಲಾದ ಮೇಲೆ ಅನೇಕ ತಯಾರಕರು ಹೀಗೆ ಮಾಡಿದರು. ಆಗ ಟರ್ಬೊ ಪವರ್ ಲಿಮಿಟನ್ನು (ಚಿಪ್ ಎಳೆಯಬಹುದಾದ ವಿದ್ಯುತ್ತಿನ ಮಿತಿ) ಸಲಕ್ಕೆ 5 ವಾಟ್‌ನಷ್ಟು ತಗ್ಗಿಸುತ್ತಾ ಹೋಗಿ, ಲ್ಯಾಪ್‌ಟಾಪ್‌ನ ಹಿಂಬದಿ ಎತ್ತರಿಸಿ.