ಕಡಲ ಗಾಳಿಗೆ ತುಕ್ಕು ಹಿಡಿದ ಪದ್ಮಿನಿಗೆ ಹೊಸ ತಗಡು

ಹಳೇ ಪ್ರೀಮಿಯರ್ ಪದ್ಮಿನಿ ಕಾರು ನೋಡಲು ಹೋದವರೆಲ್ಲ ಮೊದಲು ಬಾನೆಟ್ ಎತ್ತುತ್ತಾರೆ. ಇಂಜಿನ್ ಆಮೇಲೆ ನೋಡಿ, ಮೊದಲು ಒಂದು ಗೋಣಿ ಹಾಸಿಕೊಂಡು ಗಾಡಿಯ ಅಡಿ ಮಲಗಿ ಅಂತ ನಾನು ಹೇಳುತ್ತೇನೆ. 1089 ಸಿಸಿಯ ಆ ಇಂಜಿನ್ ಎಷ್ಟೇ ಕೆಟ್ಟಿದ್ದರೂ ಹಳೇ ಮೆಕ್ಯಾನಿಕ್ ಯಾರಾದರೂ ಬಿಚ್ಚಿ ಕೂರಿಸಿ ಕೊಡುತ್ತಾರೆ. ತಗಡು ಹೋಗಿದ್ದರೆ ಹಾಗಲ್ಲ. ಈ ಗಾಡಿಗೆ ಜೀಪಿನ ಹಾಗೆ ಬೇರೆ ಚಾಸಿಸ್ (ಅಡಿಯ ಉಕ್ಕಿನ ಚೌಕಟ್ಟು) ಇಲ್ಲ, ಬಾಡಿಯೇ ಚಾಸಿಸ್. ಬಾಗಿಲ ಕೆಳಗೆ ಉದ್ದಕ್ಕೆ ಒಂದು ಪೊಳ್ಳು ಪೆಟ್ಟಿಗೆ ಇರುತ್ತದೆ, ತಗಡು ಕೆಲಸ ಮಾಡೋ ನಮ್ಮ ಟಿಂಕರ್ ಮೇಸ್ತ್ರಿ ಅದಕ್ಕೆ ರನ್ನಿಂಗ್ ಬೋರ್ಡ್ ಅಂತಲೇ ಹೇಳೋದು. ಅದು ಕೊಳೆತರೆ ಗಾಡಿ ನಡುವಲ್ಲಿ ಕುಗ್ಗುತ್ತದೆ, ಬಾಗಿಲು ಸರಿಯಾಗಿ ಕೂರೋದೇ ಇಲ್ಲ.

ನನ್ನದು 1983ರ ಮಾಡೆಲ್, ಕುಂದಾಪುರದ ಕಡೆಯ ಗಾಡಿ. ಮಾವನ ಮನೆಯ ಶೆಡ್ಡಿನಲ್ಲಿ ನಿಂತಿತ್ತು, ಕಡಲು ಅಲ್ಲಿಂದ ಕೂಗಳತೆ ದೂರ. ಹೊರಗಿಂದ ನೋಡಿದರೆ ಬಿಳಿ ಡುಕೋ ಬಣ್ಣ ಹೊಳೆಯುತ್ತಿತ್ತು, ಬಾಗಿಲ ಬುಡದಲ್ಲಿ ಮಾತ್ರ ನಾಲ್ಕಾರು ಸಣ್ಣ ಗುಳ್ಳೆ. ಈ ಗುಳ್ಳೆಗಳನ್ನು ಯಾರೂ ಸಣ್ಣದು ಅಂತ ಬಿಡಬೇಡಿ. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಉಬ್ಬುತ್ತದೆ, ಆ ಉಬ್ಬು ಬಣ್ಣವನ್ನು ಮೇಲಕ್ಕೆ ಎತ್ತುತ್ತದೆ. ಅಂದರೆ ಗುಳ್ಳೆ ಹೊರಗೆ ಕಾಣೋ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಫ್ರಿಜ್ ಮೇಲೆ ಅಂಟಿಸೋ ಮ್ಯಾಗ್ನೆಟ್ ಒಂದನ್ನು ಬಟ್ಟೆಯಲ್ಲಿ ಸುತ್ತಿ ಗಾಡಿ ಸುತ್ತ ಆಡಿಸುತ್ತಾ ಬಂದೆ. ಕೆಲವು ಕಡೆ ಕಚ್ಚಿತು, ಕೆಲವು ಕಡೆ ಜಾರಿ ಬಿತ್ತು. ಜಾರಿದಲ್ಲೆಲ್ಲ ಪುಟ್ಟಿ, ಅಂದರೆ ತಗ್ಗು ಮುಚ್ಚೋಕೆ ಮೆತ್ತುವ ಪೇಸ್ಟ್. ಬಲಗಡೆ ರನ್ನಿಂಗ್ ಬೋರ್ಡ್ ಉದ್ದಕ್ಕೂ ಅದು ಕಚ್ಚಲೇ ಇಲ್ಲ.

ಸ್ಕ್ರೂಡ್ರೈವರ್ ಹಾಕಿ ಎಬ್ಬಿಸಿದೆ. ಬೆರಳು ದಪ್ಪದ ಪುಟ್ಟಿಯ ತುಂಡು ಇಡಿಯಾಗಿ ಕೈಗೆ ಬಂತು. ಅದರ ಹಿಂದೆ ಡಾಂಬರು, ಅದರ ಹಿಂದೆ ಪಾಪ್ ರಿವೆಟ್ ಹೊಡೆದು ಕೂರಿಸಿದ ಅಲ್ಯೂಮಿನಿಯಂ ತಗಡು, ಅದಕ್ಕೂ ಹಿಂದೆ ಅಸಲಿ ಕಬ್ಬಿಣ ಹಪ್ಪಳದ ಹಾಗೆ ಪದರ ಪದರವಾಗಿ ಉದುರುತ್ತಿತ್ತು. ಅಲ್ಯೂಮಿನಿಯಂ ಸುತ್ತ ಬಿಳಿ ಹುಡಿ. ಎರಡು ಬೇರೆ ಲೋಹ, ನಡುವೆ ಉಪ್ಪಿನ ತೇವ, ಇನ್ನೇನಾಗಬೇಕು? ಪೆಟ್ಟಿಗೆಯ ಒಳಗೆ ಕೈ ಹಾಕಿದರೆ ಮುಷ್ಟಿ ಮುಷ್ಟಿ ಕೆಂಪು ಮಣ್ಣು, ಒಣಗಿದ ಎಲೆಯ ಚೂರು, ಎಲ್ಲ ಇನ್ನೂ ತಣ್ಣಗೆ ಒದ್ದೆ. ಅದು ಬೇಸಿಗೆ, ಮಳೆ ನಿಂತು ತಿಂಗಳುಗಳೇ ಆಗಿದ್ದವು.

ಆ ಒದ್ದೆ ಮಣ್ಣು ನೋಡಿದ ಮೇಲೆ ನಾನು ಕೆಲಸದ ಕ್ರಮವನ್ನೇ ಬದಲಿಸಿದೆ. ಎಲ್ಲಿ ತೂತಾಗಿದೆ ಅಂತ ಹುಡುಕೋದು ಬಿಟ್ಟು, ನೀರು ಎಲ್ಲಿಂದ ಬಂತು, ಎಲ್ಲಿಂದ ಹೊರಗೆ ಹೋಗಬೇಕಿತ್ತು ಅಂತ ಹುಡುಕಿದೆ. ಕಾರಿನ ಬಾಗಿಲೊಳಗೆ ನೀರು ಹೋಗಿಯೇ ಹೋಗುತ್ತದೆ, ಗಾಜು ಇಳಿಯೋ ಸಂದಿಯಿಂದ. ಅದಕ್ಕೆ ಅಂತಲೇ ಬಾಗಿಲ ಬುಡದಲ್ಲಿ ಸಣ್ಣ ತೂತು ಬಿಟ್ಟಿರುತ್ತಾರೆ. ನನ್ನ ಗಾಡಿಯಲ್ಲಿ ಆ ತೂತುಗಳ ಮೇಲೆ ಯಾರೋ ಧಾರಾಳವಾಗಿ ಅಂಡರ್ ಕೋಟಿಂಗ್ ಹೊಡೆದು ಮುಚ್ಚಿದ್ದರು. ರನ್ನಿಂಗ್ ಬೋರ್ಡಿನದೂ ಅದೇ ಕಥೆ. ತುಕ್ಕು ಬರಬಾರದು ಅಂತ ಹೊಡೆದ ಕಪ್ಪು ಬಳಿತವೇ ನೀರನ್ನು ಒಳಗೆ ಕೂಡಿ ಹಾಕಿತ್ತು. ಇನ್ನು ಮುಂದಿನ ನೆಲದ ತೂತಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಮುಂದಿನ ಗಾಜಿನ ರಬ್ಬರ್ ಬೀಡಿಂಗ್ ಒಣಗಿ ಕಲ್ಲಾಗಿತ್ತು, ಮೂಲೆಯಲ್ಲಿ ಇಳಿದ ನೀರು ಡ್ಯಾಶ್‌ಬೋರ್ಡ್ ಹಿಂದಿನಿಂದ ಮ್ಯಾಟ್ ಅಡಿಗೆ ಬಂದು, ಅಲ್ಲಿನ ಫೆಲ್ಟ್ (ಸದ್ದು ತಡೆಯೋ ದಪ್ಪ ಹಾಸು) ಅದನ್ನು ಹೀರಿ ಹಿಡಿದುಕೊಂಡಿತ್ತು. ಮೇಲೆ ರಬ್ಬರ್ ಮ್ಯಾಟ್ ಒಣಗಿಯೇ ಇರುತ್ತದೆ, ಯಾರಿಗೆ ಗೊತ್ತಾಗಬೇಕು?

ತಯಾರು ತಗಡಿನ ಭಾಗ ಸಿಗುತ್ತದಾ ಅಂತ ತುಂಬ ಜನ ಕೇಳುತ್ತಾರೆ. ಮುಂಬೈಯಲ್ಲಿ ಪದ್ಮಿನಿ ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ಬಿಡಿಭಾಗಕ್ಕೆ ಅಷ್ಟು ಕೊರತೆ ಇರಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಕೊನೆಯದೂ ರಸ್ತೆ ಬಿಟ್ಟಿತು. ಈಗ ಬೆಂಗಳೂರಿನ ಜೆ.ಸಿ. ರೋಡ್, ಮುಂಬೈನ ಕುರ್ಲಾ ಅಂತ ಸುತ್ತಿದರೆ ಲೈಟು, ಹ್ಯಾಂಡಲ್, ಬೀಡಿಂಗ್ ಸಿಕ್ಕೀತು. ನೆಲದ ತಗಡು ಮಾತ್ರ ನಾವೇ ಮಾಡಿಕೊಳ್ಳಬೇಕು. ಅದೇನೂ ದೊಡ್ಡ ವಿದ್ಯೆ ಅಲ್ಲ. ನೆಲಕ್ಕೆ 18 ಗೇಜ್, ಅಂದರೆ ಸುಮಾರು 1.2 ಮಿಲಿಮೀಟರ್, ಹೊರಗಿನ ತಗಡಿಗೆ 20 ಗೇಜ್, ಸುಮಾರು 0.9. ಸಿಆರ್ (ಕೋಲ್ಡ್ ರೋಲ್ಡ್) ಶೀಟ್ ಅಂತ ಕೇಳಿ ತಗೊಳ್ಳಿ. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯಲ್ಲ ಅಲ್ವಾ, ಅದನ್ನೇ ಹಾಕೋಣ ಅನ್ನೋರಿದ್ದಾರೆ. ವೆಲ್ಡಿಂಗ್ ಶಾಖಕ್ಕೆ ಅದರ ಸತು ಸುಟ್ಟು ಬಿಳಿ ಹೊಗೆ ಬರುತ್ತದೆ, ಅದನ್ನು ಕುಡಿದರೆ ರಾತ್ರಿ ಚಳಿಜ್ವರ ಗ್ಯಾರಂಟಿ, ಬೆಸುಗೆ ಜಾಗದಲ್ಲಿ ಸತುವೂ ಉಳಿಯಲ್ಲ. ನನಗಂತೂ ಬೇಡ.

ಕತ್ತರಿಸೋಕೆ ಮುಂಚೆ ಮಾಡಬೇಕಾದ್ದನ್ನು ಮಾತ್ರ ಅವಸರ ಮಾಡಬೇಡಿ. ಬ್ಯಾಟರಿ ಬಿಚ್ಚಿ. ಪೆಟ್ರೋಲ್ ಟ್ಯಾಂಕ್ ಇಳಿಸಿ ಶೆಡ್ಡಿನಿಂದಲೇ ದೂರ ಇಡಿ. ಖಾಲಿ ಟ್ಯಾಂಕ್ ಅಂತ ಧೈರ್ಯ ಬೇಡ, ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕೇ ಅಪಾಯ. ಗಾಜುಗಳಿಗೆ ಒದ್ದೆ ಗೋಣಿ ಹೊದಿಸಿ, ಗ್ರೈಂಡರ್ ಕಿಡಿ ಗಾಜಿನಲ್ಲಿ ಚುಚ್ಚಿ ಕೂತರೆ ಯಾವ ಪಾಲಿಶಿಗೂ ಹೋಗಲ್ಲ. ಚಾಸಿಸ್ ನಂಬರ್ ಇರೋ ಜಾಗಕ್ಕೆ ಗ್ರೈಂಡರ್ ತಾಗಿಸಲೇಬಾರದು. ನಾನು ಮೊದಲೇ ಅದರ ಮೇಲೆ ಪೆನ್ಸಿಲ್ ಉಜ್ಜಿ, ಟೇಪಿನಲ್ಲಿ ಪ್ರಿಂಟ್ ಎತ್ತಿ ಇಟ್ಟುಕೊಂಡೆ, ಮುಂದೆ ಆರ್‌ಟಿಒದಲ್ಲಿ ಮಾತು ಬರಬಾರದು ಅಂತ. ಆಮೇಲೆ ಮುಖ್ಯವಾದದ್ದು ಬಾಗಿಲ ಸಂದಿ. ಬಾಗಿಲು ಬಿಚ್ಚೋ ಮುಂಚೆ ಸುತ್ತಲಿನ ಸಂದಿ ಅಳೆದು ಬರೆದುಕೊಂಡು, ಬಿಚ್ಚಿದ ಮೇಲೆ ಬಾಗಿಲ ಜಾಗಕ್ಕೆ ಅಡ್ಡಡ್ಡ ಚೌಕ ಪೈಪ್ ವೆಲ್ಡ್ ಮಾಡಿದೆ. ಇಲ್ಲದಿದ್ದರೆ ರನ್ನಿಂಗ್ ಬೋರ್ಡ್ ಕತ್ತರಿಸಿದ ಕ್ಷಣವೇ ಗಾಡಿ ಅಷ್ಟಿಷ್ಟು ಕುಸಿಯುತ್ತದೆ, ಕುಸಿದ ಆಕಾರಕ್ಕೇ ಹೊಸ ತಗಡು ಬೆಸೆದುಬಿಡುತ್ತೇವೆ. ಒಂದು ಬದಿ ಪೂರ್ತಿ ಮುಗಿಸದೆ ಇನ್ನೊಂದು ಬದಿಗೆ ಕೈ ಹಾಕಲಿಲ್ಲ.

ಎಷ್ಟು ಕತ್ತರಿಸಬೇಕು? ಸುತ್ತಿಗೆಯ ಸದ್ದು ಹೇಳುತ್ತದೆ. ಒಳ್ಳೆ ತಗಡು ಟಣ್ ಅನ್ನುತ್ತದೆ, ಹೋದದ್ದು ಡಬ್ ಅನ್ನುತ್ತದೆ. ಟಣ್ ಅನ್ನೋ ಜಾಗದಿಂದಲೂ ಒಂದು ಇಂಚು ಒಳಗೆ ಹೋಗಿ ಕತ್ತರಿಸಿ, ಯಾಕೆಂದರೆ ಅಂಚಿನಲ್ಲಿ ಸವೆದ ತಗಡು ವೆಲ್ಡಿಂಗ್ ತಾಗಿದ ಕೂಡಲೇ ತೂತಾಗುತ್ತದೆ. ಮೇಲ್ಮೈಯಲ್ಲಿ ಮಾತ್ರ ಕೆಂಪಾಗಿದ್ದಲ್ಲಿ ತಂತಿಯ ಕಪ್ ಬ್ರಷ್ ಹಾಕಿ, ಉಳಿದ ಗುಳಿಗಳಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್ ಹಚ್ಚಿದರೆ ಸಾಕು. ಆದರೆ ಪದರ ಏಳುತ್ತಿರೋ ತುಕ್ಕಿನ ಮೇಲೆ ಆ ಬಾಟಲಿ ಸುರಿದು ಏನೂ ಪ್ರಯೋಜನವಿಲ್ಲ. ಬಿಚ್ಚಿ ಬಂದ ಸಣ್ಣ ಭಾಗಗಳು, ಬ್ರಾಕೆಟ್, ಕೀಲು ಇವನ್ನೆಲ್ಲ ನಿಂಬೆ ಉಪ್ಪಿನ (ಸಿಟ್ರಿಕ್ ಆಸಿಡ್) ನೀರಲ್ಲಿ ರಾತ್ರಿಯಿಡೀ ನೆನೆಸಿಟ್ಟೆ, ಚೆನ್ನಾಗಿ ಬಿಡುತ್ತದೆ.

ತೇಪೆ ಮಾಡೋದಕ್ಕೆ ಮೊದಲು ರಟ್ಟು. ಟಿವಿ ಬಂದ ಡಬ್ಬದ ರಟ್ಟನ್ನು ಜಾಗಕ್ಕೆ ಇಟ್ಟು ಮಡಚಿ, ಕತ್ತರಿಸಿ, ಸರಿ ಕೂತ ಮೇಲೆ ತಗಡಿಗೆ ಗುರುತು ಹಾಕಿ. ನೆಲದ ತಗಡಿನಲ್ಲಿ ಉದ್ದುದ್ದ ಏಣುಗಳಿರುತ್ತವೆ, ಅದು ಚಂದಕ್ಕಲ್ಲ, ಬಿಗಿಗೆ. ಸಪಾಟು ತಗಡು ಹಾಕಿಬಿಟ್ಟರೆ ಗಾಡಿ ಓಡುವಾಗ ಡಬಡಬ ಅನ್ನುತ್ತದೆ. ಒಂದು ದಪ್ಪ ಹಲಸಿನ ಹಲಗೆಯಲ್ಲಿ ಉದ್ದ ತೋಡು ಕೊರೆಸಿ, ತಗಡು ಅದರ ಮೇಲಿಟ್ಟು, ಮೇಲಿಂದ ಉರುಟು ಸರಳಿಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಾ ಹೋದೆ. ಒಮ್ಮೆಗೇ ಆಳಕ್ಕೆ ಹೊಡೆದರೆ ತಗಡು ಸೊಟ್ಟಗಾಗುತ್ತದೆ. ಆ ತುದಿಯಿಂದ ಈ ತುದಿಗೆ ಮೆಲ್ಲಗೆ, ಮತ್ತೆ ಮೊದಲಿಂದ. ಅಕ್ಕಪಕ್ಕದವರು ಬೈಯುವಷ್ಟು ಸದ್ದು. ಕಂಪನಿ ಏಣಿನಷ್ಟು ನೇರ ಬರಲಿಲ್ಲ, ಬಿಗಿ ಬಂತು.

ಐಟಿಐಯಲ್ಲಿ ವೆಲ್ಡಿಂಗ್ ಕಲಿತವನು ನಾನು. ಆದರೆ ಗೇಟು ಗ್ರಿಲ್ಲಿನ ಬೆಸುಗೆ ಬೇರೆ, ಕಾರಿನ ತಗಡು ಬೇರೆ. ನೆಲ, ರನ್ನಿಂಗ್ ಬೋರ್ಡಿಗೆ ಸಿಒಟು ಮೆಷಿನ್ (ಬೆಸುಗೆಗೆ ಗಾಳಿ ತಾಗದ ಹಾಗೆ ಕಾರ್ಬನ್ ಡೈಆಕ್ಸೈಡ್ ಗ್ಯಾಸ್ ಬಿಡೋ ವೆಲ್ಡಿಂಗ್ ಮೆಷಿನ್) ಬಳಸಿದೆ, 0.8 ಮಿಲಿಮೀಟರ್ ವೈರ್. ಎರಡು ತಗಡಿನ ಅಂಚು ಒಂದಕ್ಕೊಂದು ಎದುರಾಗಿ, ನಡುವೆ ಸುಮಾರು ಒಂದು ಮಿಲಿಮೀಟರ್ ಸಂದಿ. ಒಂದರ ಮೇಲೊಂದು ಹೊಂದಿಸಿ ಬೆಸೆಯೋದು ಸುಲಭ ನಿಜ, ಆದರೆ ಆ ಎರಡು ಪದರದ ನಡುವೆ ಪುನಃ ನೀರಿಗೆ ಮನೆ ಕಟ್ಟಿಕೊಟ್ಟ ಹಾಗಾಗುತ್ತದೆ. ಮೊದಲು ಇಂಚಿಗೊಂದು ಚುಕ್ಕೆ, ಒಂದು ಈ ಮೂಲೆ, ಇನ್ನೊಂದು ಆ ಮೂಲೆ, ಕೈ ಇಡುವಷ್ಟು ತಣಿದ ಮೇಲೆ ಮುಂದಿನದು. ಅವಸರಕ್ಕೆ ಉದ್ದ ಗೆರೆ ಎಳೆದರೆ ತಗಡು ಅಲೆ ಅಲೆಯಾಗಿ ಏಳುತ್ತದೆ. ಕಂಪನಿಯವರು ಸ್ಪಾಟ್ ವೆಲ್ಡ್ (ಒಂದರ ಮೇಲೊಂದು ತಗಡಿಟ್ಟು ಚುಕ್ಕೆ ಬೆಸುಗೆ) ಮಾಡಿದ್ದ ಜಾಗದಲ್ಲಿ ಮೇಲಿನ ತಗಡಿಗೆ 6 ಮಿಲಿಮೀಟರ್ ತೂತು ಹೊಡೆದು, ಆ ತೂತನ್ನು ಬೆಸುಗೆಯಿಂದ ತುಂಬಿದೆ. ಅಂಥ ಕಡೆ ಪದರ ತಪ್ಪಿಸಲಾಗದು, ಆದ್ದರಿಂದ ಮೊದಲೇ ಎರಡೂ ಮುಖಕ್ಕೆ ಸತುವಿನ ಪ್ರೈಮರ್. ಶೆಡ್ಡಿನಲ್ಲಿ ಸೆಕೆ ಅಂತ ಫ್ಯಾನ್ ಹಾಕಿದರೆ ಗ್ಯಾಸ್ ಹಾರಿ ಬೆಸುಗೆ ಸ್ಪಂಜಾಗುತ್ತದೆ. ಸೆಕೆ ತಡೆದುಕೊಳ್ಳಲೇಬೇಕು.

ಹಿಂದಿನ ಚಕ್ರದ ಮೇಲಿನ ಕಮಾನು ಮಾತ್ರ ಮೇಸ್ತ್ರಿಗೆ ಬಿಟ್ಟೆ. ಅವರದು ಹಳೇ ಗ್ಯಾಸ್ ವೆಲ್ಡಿಂಗ್. ಸಿಒಟು ಬೆಸುಗೆ ಗಟ್ಟಿ, ಉಜ್ಜಿಯೇ ಇಳಿಸಬೇಕು. ಗ್ಯಾಸ್ ಬೆಸುಗೆ ಮೆತ್ತಗೆ, ಬಿಸಿ ಇರುವಾಗಲೇ ಒಳಗೆ ಡಾಲಿ (ತಗಡಿನ ಹಿಂದೆ ಒತ್ತಿ ಹಿಡಿಯೋ ಕಬ್ಬಿಣದ ಗಟ್ಟಿ) ಹಿಡಿದು ಹೊರಗಿಂದ ತಟ್ಟಿದರೆ ತಗಡಿನಲ್ಲೇ ಕರಗಿ ಹೋಗುತ್ತದೆ. ಶಾಖ ಜಾಸ್ತಿ ಹರಡುತ್ತದೆ, ಅದನ್ನು ಸುತ್ತಿಗೆಯಲ್ಲೇ ಎಳೆದು ಸರಿ ಮಾಡೋ ಕೈ ಬೇಕು, ಅದು ಅವರಿಗಿದೆ. ಅವರ ತಟ್ಟು ಸಣ್ಣದು, ಒಂದೇ ಲಯ, ಎಡಗೈಯ ಡಾಲಿ ಸುತ್ತಿಗೆಗೆ ಎದುರಾಗಿ ಸರಿಯುತ್ತಲೇ ಇರುತ್ತದೆ, ಕಣ್ಣು ತಗಡಿನ ಮೇಲಲ್ಲ, ಅದರಲ್ಲಿ ಕಾಣೋ ಬೆಳಕಿನ ಗೆರೆಯ ಮೇಲೆ. "ಪುಟ್ಟಿ ಬೇಕಾಗ್ತದೆ ಅಲ್ವಾ ಇದಕ್ಕೆ?" ಅಂತ ಕೇಳಿದ್ದಕ್ಕೆ "ಉಗುರಷ್ಟು ಸಾಕು ಮಾರಾಯ್ರೆ, ಜಾಸ್ತಿ ಹಾಕುವುದಾದ್ರೆ ನಾನು ಎಂತಕ್ಕೆ ಇಷ್ಟು ಹೊಡೆಯುದು?" ಅಂದರು.

ನಮ್ಮ ಕರಾವಳಿಯ ಒಂದು ಕಿರಿಕಿರಿ ಹೇಳಲೇಬೇಕು. ಇಲ್ಲಿ ಬರೀ ತಗಡನ್ನು ಸಂಜೆ ಉಜ್ಜಿ ಫಳಫಳ ಮಾಡಿಟ್ಟರೆ ಬೆಳಿಗ್ಗೆ ಕಾಫಿಪುಡಿ ಬಣ್ಣದ ಪೊರೆ ಬಂದಿರುತ್ತದೆ. ಬೆವರು ಕೈಯಲ್ಲಿ ಮುಟ್ಟಿದ್ದರೆ ಬೆರಳಚ್ಚೇ ಮೂಡಿರುತ್ತದೆ. ಹಾಗಾಗಿ ಎಷ್ಟು ಉಜ್ಜುತ್ತೇನೋ ಅಷ್ಟಕ್ಕೆ ಅದೇ ದಿನ ಎಪಾಕ್ಸಿ ಪ್ರೈಮರ್, ಕೈಗೆ ಗ್ಲೌಸ್, ಹಚ್ಚೋ ಮುಂಚೆ ಥಿನ್ನರ್ ಬಟ್ಟೆಯಲ್ಲಿ ಒರಸು. ಇಡೀ ಕೆಲಸ ದೀಪಾವಳಿ ಕಳೆದು ಶುರು ಮಾಡಿ ಮಳೆಗೆ ಮುಂಚೆ ಮುಗಿಸೋ ಲೆಕ್ಕ ಹಾಕಿಕೊಳ್ಳಿ. ಗಾಳಿಯಲ್ಲಿ ತೇವ ಇದ್ದಾಗ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ಹೊಡೆದರೆ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ.

ಪ್ರೈಮರ್ ಆದ ಮೇಲೆ ಪುಟ್ಟಿ, ಮೊದಲಲ್ಲ. ಪಾಲಿ ಪುಟ್ಟಿ ನೀರು ಹೀರುತ್ತದೆ, ಬರೀ ತಗಡಿನ ಮೇಲೆ ಅದನ್ನು ಹಚ್ಚಿ, ನೀರು ಹಾಕಿ ಉಜ್ಜುವ ಅಭ್ಯಾಸ ನಮ್ಮಲ್ಲಿ ತುಂಬ ಇದೆ, ಅಲ್ಲಿಗೆ ಮುಂದಿನ ತುಕ್ಕಿಗೆ ಬೀಜ ಬಿತ್ತಿದ ಹಾಗೆ. ನಾನು 80, 180, 320 ಪೇಪರಿನಲ್ಲಿ ಒಣಗಿದ್ದನ್ನೇ ಉಜ್ಜಿದೆ, ಧೂಳು ಕುಡಿಯದ ಮಾಸ್ಕ್ ಹಾಕಿಕೊಂಡು. ಅಡಿಯ ಸಂದಿಗಳಿಗೆ ಪ್ರೈಮರ್ ಮೇಲೆ ಸೀಮ್ ಸೀಲರ್, ಅದರ ಮೇಲೆ ಬಣ್ಣ. ಬಣ್ಣದ ಬಗ್ಗೆ ಹೆಚ್ಚು ಹೇಳೋದಿಲ್ಲ, ಅದನ್ನು ಬಣ್ಣ ಹೊಡೆಯೋ ಬೂತ್ ಇದ್ದವರ ಹತ್ತಿರ ಮಾಡಿಸಿದೆ. ಪಿಯು (ಪಾಲಿಯುರಿಥೇನ್) ಬಣ್ಣದ ಹಾರ್ಡನರ್ ಉಸಿರಿಗೆ ಕೆಟ್ಟದ್ದು, ಬಟ್ಟೆ ಮಾಸ್ಕ್ ಅದಕ್ಕೆ ಸಾಲದು, ಮನೆಯ ಶೆಡ್ಡಿನಲ್ಲಿ ಆಟ ಬೇಡ. ಬಿಳಿಯನ್ನೇ ಉಳಿಸಿಕೊಂಡೆ, ಬೇರೆ ಬಣ್ಣವಾದರೆ ಆರ್‌ಸಿಯಲ್ಲೂ ತಿದ್ದಿಸಬೇಕು.

ಪೊಳ್ಳು ಭಾಗಗಳಿಗೆ ಕೊನೆಗೆ ಮೇಣ. ಉದ್ದ ನಳಿಗೆ ಇರೋ ಕ್ಯಾವಿಟಿ ವ್ಯಾಕ್ಸ್ ಸ್ಪ್ರೇ ಸಿಗುತ್ತದೆ. ಹಳಬರು ಸುಟ್ಟ ಇಂಜಿನ್ ಆಯಿಲ್ ಹೊಡೆಯುತ್ತಿದ್ದರು, ತುಕ್ಕು ತಡೆಯುತ್ತದೆ ಸುಳ್ಳಲ್ಲ, ಆದರೆ ತಿಂಗಳುಗಟ್ಟಲೆ ನೆಲಕ್ಕೆ ತೊಟ್ಟಿಕ್ಕುತ್ತದೆ, ರಬ್ಬರನ್ನೂ ಉಬ್ಬಿಸುತ್ತದೆ. ಮೇಣ ಹೊಡೆದ ಮರುದಿನ ಬುಡದ ತೂತುಗಳಿಗೆಲ್ಲ ಸೈಕಲ್ ಕಡ್ಡಿ ಹಾಕಿ ಬಿಡಿಸಿದೆ.

ಹೊಸ ಬೀಡಿಂಗ್ ಕೂರಿಸಿದ ಮೇಲೆ, ಸೀಟು, ಮ್ಯಾಟ್ ಹಾಕೋ ಮುಂಚೆಯೇ ನೀರಿನ ಪರೀಕ್ಷೆ. ಒಳಗೆ ಗಾಜಿನ ಸುತ್ತ, ನೆಲದ ಮೇಲೆ ಎಲ್ಲ ಕಡೆ ಟಾಲ್ಕಂ ಪೌಡರ್ ತೆಳ್ಳಗೆ ಉದುರಿಸಿದೆ. ಮಗಳು ಒಳಗೆ ಟಾರ್ಚ್ ಹಿಡಿದು ಕೂತಳು, ನಾನು ಹೊರಗಿಂದ ಪೈಪಿನಲ್ಲಿ ನೀರು ಬಿಟ್ಟೆ, ಕೆಳಗಿನಿಂದ ಶುರು ಮಾಡಿ ನಿಧಾನಕ್ಕೆ ಮೇಲೆ. ಒಮ್ಮೆಗೇ ಮೇಲಿಂದ ಬಿಟ್ಟರೆ ಎಲ್ಲಿ ಸೋರಿತು ಅಂತ ಗೊತ್ತಾಗಲ್ಲ. ಎಡ ಮೂಲೆಯಲ್ಲಿ ಪೌಡರ್ ಮೇಲೆ ಸಣ್ಣ ಗೆರೆ ಎಳೆದುಕೊಂಡು ನೀರು ಇಳಿಯಿತಂತೆ. ಬೀಡಿಂಗ್ ಎತ್ತಿ ಅಲ್ಲಿ ಸೀಲಂಟ್ ತುಂಬಿ, ಒಣಗಿದ ಮೇಲೆ ಮತ್ತೆ ನೀರು ಬಿಟ್ಟೆವು, ನಿಂತಿತು. ಈಗ ಫೆಲ್ಟ್ ಹಾಕಿಲ್ಲ. ಗಾಡಿ ಸ್ವಲ್ಪ ಜಾಸ್ತಿ ಸದ್ದು ಮಾಡುತ್ತದೆ, ಆದರೆ ಜೂನ್ ತಿಂಗಳಲ್ಲಿ ಮ್ಯಾಟ್ ಎತ್ತಿ ಕೈ ಇಟ್ಟು ನೋಡಬಹುದು.