ಬಸಿರಿನಲ್ಲಿ ಬಾಕುಚಿಯಾಲ್: ನಾನು ತೀರ್ಮಾನಕ್ಕೆ ಬಂದ ಬಗೆ

ಚರ್ಮಕ್ಕೆ ಹಚ್ಚುವ ಕ್ರೀಮು, ಸೀರಮ್‌ಗಳನ್ನು ರೂಪಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡುವವಳು ನಾನು. ಗರ್ಭಿಣಿಯಾಗುವ ಯೋಚನೆ ಬಂದಾಗಲೇ ಸುಕ್ಕು, ಕಲೆಗಳಿಗೆ ಹಚ್ಚುವ ರೆಟಿನಾಲ್ ಸೀರಮ್ ನಿಲ್ಲಿಸಿದೆ. ಅದರಲ್ಲಿ ಯೋಚಿಸುವಂಥದ್ದೇನೂ ಇರಲಿಲ್ಲ. ಯೋಚಿಸಬೇಕಾಗಿ ಬಂದದ್ದು ಅದರ ಜಾಗಕ್ಕೆ ಎಲ್ಲರೂ ಸೂಚಿಸುತ್ತಿದ್ದ ಬಾಕುಚಿಯಾಲ್ ಬಗ್ಗೆ. ಅದು ಗಿಡದಿಂದ ಬಂದದ್ದು, ರೆಟಿನಾಲ್‌ನಂತೆಯೇ ಕೆಲಸ ಮಾಡುತ್ತದೆ, ಆದ್ದರಿಂದ ಬಸುರಿಯರೂ ಬಾಣಂತಿಯರೂ ಧೈರ್ಯವಾಗಿ ಹಚ್ಚಿಕೊಳ್ಳಬಹುದು ಎಂದು ಸಹೋದ್ಯೋಗಿಗಳೂ ಗೆಳತಿಯರೂ ಹೇಳುತ್ತಿದ್ದರು. ಮೊದಲ ಎರಡು ಮಾತುಗಳು ಬಹುಮಟ್ಟಿಗೆ ಸರಿ. ಆ ‘ಆದ್ದರಿಂದ’ ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ.

ರೆಟಿನಾಲ್ ವಿಟಮಿನ್ ಎ ಕುಟುಂಬಕ್ಕೆ ಸೇರಿದ್ದು. ಅದೇ ಕುಟುಂಬದ, ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಮಾತ್ರೆಯನ್ನು ಗರ್ಭಿಣಿಯರು ನುಂಗಿದರೆ ಭ್ರೂಣಕ್ಕೆ ಗಂಭೀರ ವೈಕಲ್ಯ ಉಂಟಾಗಬಹುದು ಎಂಬುದು ಸಂಶಯಕ್ಕೆ ಎಡೆಯಿಲ್ಲದ ಸಂಗತಿ. ಈ ಕುಟುಂಬದ ವಸ್ತುಗಳಿಗೆ ರೆಟಿನಾಯ್ಡ್ ಎನ್ನುತ್ತಾರೆ; ಮುಖಕ್ಕೆ ಹಚ್ಚುವ ರೆಟಿನಾಯ್ಡ್‌ಗಳ ಕಥೆ ಬೇರೆ. ಅವು ರಕ್ತಕ್ಕೆ ಸೇರುವುದು ತೀರಾ ಸ್ವಲ್ಪ. ಮೊದಲ ಮೂರು ತಿಂಗಳಲ್ಲಿ ಅವುಗಳನ್ನು ಹಚ್ಚಿಕೊಂಡಿದ್ದ 654 ಗರ್ಭಿಣಿಯರ ಮಾಹಿತಿಯನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ ವೈಕಲ್ಯಗಳ ಪ್ರಮಾಣ ಗಮನಾರ್ಹವಾಗಿ ಹೆಚ್ಚಿರಲಿಲ್ಲ. ಆದರೆ ಹೆದರಿಕೆ ಬೇಡ ಎನ್ನಲು ಸಾಕಾಗುವ ಆ ಸಂಖ್ಯೆ, ‘ಬಳಸಿ’ ಎಂದು ಹೇಳಲು ಸಾಲದು. ಹಾಗಾಗಿಯೇ ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಹಚ್ಚುವ ರೆಟಿನಾಯ್ಡ್ ಔಷಧಗಳೂ ಗರ್ಭಿಣಿಯರಿಗೆ ಬೇಡ ಎಂದಿತು.

ಬಾಕುಚಿಯಾಲ್ ಬಗ್ಗೆ ಅಂಥದೇ ಮಾಹಿತಿ ಇದೆಯೇ ಎಂದು ಹುಡುಕಿದೆ. ಗರ್ಭಿಣಿಯರು ಹಚ್ಚಿಕೊಂಡು, ಹೆರಿಗೆಯವರೆಗೆ ಗಮನಿಸಿ, ಮಗುವಿನ ಸ್ಥಿತಿಯನ್ನು ದಾಖಲಿಸಿದ ಒಂದು ಅಧ್ಯಯನವೂ ನನ್ನ ಕೈಗೆ ಸಿಗಲಿಲ್ಲ. ಅಂದರೆ ನಾವು ಭಯಪಟ್ಟು ದೂರವಿಡುವ ವಸ್ತುವಿನ ಬಗ್ಗೆ ಒಂದಿಷ್ಟು ಗೊತ್ತಿದೆ. ನಂಬಿ ಹತ್ತಿರ ತಂದುಕೊಳ್ಳುವ ವಸ್ತುವಿನ ಬಗ್ಗೆ ಅಷ್ಟೂ ಗೊತ್ತಿಲ್ಲ. ಇದು ನನ್ನನ್ನು ನಿಜಕ್ಕೂ ಕಾಡಿತು.

ಬಾಕುಚಿ ಗಿಡದ ಬೀಜದಿಂದ ಈ ಅಂಶವನ್ನು ಮೊದಲು ಬೇರ್ಪಡಿಸಿದ್ದು 1966ರಲ್ಲಿ. ರೆಟಿನಾಲ್‌ಗೂ ಇದಕ್ಕೂ ರಚನೆಯಲ್ಲಿ ಹೋಲಿಕೆಯಿಲ್ಲ. ಆದರೂ ಚರ್ಮದ ಕೋಶಗಳಲ್ಲಿ ಎರಡೂ ಉಂಟುಮಾಡುವ ಬದಲಾವಣೆಗಳು ಬಹಳಷ್ಟು ಒಂದೇ ತೆರನಾಗಿವೆ ಎಂದು 2014ರ ಒಂದು ಪ್ರಬಂಧ ತೋರಿಸಿತು. 2019ರಲ್ಲಿ 44 ಜನರ ಮೇಲೆ 12 ವಾರ ನಡೆದ ಹೋಲಿಕೆಯಲ್ಲಿ ಸುಕ್ಕು ಮತ್ತು ಕಲೆ ಎರಡೂ ವಸ್ತುಗಳಿಂದ ಸರಿಸುಮಾರು ಸಮನಾಗಿ ಕಡಿಮೆಯಾದವು. ರೆಟಿನಾಲ್ ಹಚ್ಚಿದವರಿಗೆ ಉರಿ, ಹೊಟ್ಟು ಏಳುವುದು ಹೆಚ್ಚಾಗಿತ್ತು. ಬಾಕುಚಿಯಾಲ್ ‘ಸೌಮ್ಯ’ ಎಂಬ ಹೆಸರು ಪಡೆದದ್ದು ಇಂಥ ಫಲಿತಾಂಶಗಳಿಂದ. ಅದು ಹಚ್ಚಿಕೊಂಡವರ ಚರ್ಮಕ್ಕೆ ಸಂಬಂಧಿಸಿದ ಸೌಮ್ಯತೆ. ಗರ್ಭದಲ್ಲಿರುವ ಮಗುವಿನ ಬಗ್ಗೆ ಆ ಪ್ರಯೋಗ ಏನನ್ನೂ ಕೇಳಿರಲಿಲ್ಲ.

ನನ್ನ ಕೆಲಸದ ಕಾರಣ ಬೀಜದ ಉಳಿದ ಅಂಶಗಳ ಪರಿಚಯವೂ ನನಗಿತ್ತು. ಬಾಕುಚಿ ಬೀಜದಲ್ಲಿ ಸೊರಾಲೆನ್ ಇದೆ. ತೊನ್ನಿನ ಚಿಕಿತ್ಸೆಯಲ್ಲಿ ಸೊರಾಲೆನ್ ಕೊಟ್ಟು ನೇರಳಾತೀತ ಕಿರಣ ಹಾಯಿಸುವುದುಂಟು. ಅದೇ ಸೊರಾಲೆನ್ ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಕಪ್ಪು ಕಲೆ ಉಳಿಯಬಹುದು. ಬೀಜದ ಕೆಲವು ಅಂಶಗಳು ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹೆಣ್ಣಿನ ಹಾರ್ಮೋನಾದ ಈಸ್ಟ್ರೋಜನ್‌ನಂತೆ ವರ್ತಿಸಿರುವುದೂ ದಾಖಲಾಗಿದೆ. ಗಾಜಿನ ತಟ್ಟೆಯಲ್ಲಿ ಕಂಡದ್ದು ಮುಖಕ್ಕೆ ಹಚ್ಚಿದ ಎರಡು ಹನಿಗೂ ಅನ್ವಯಿಸುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಹಾರ್ಮೋನುಗಳೇ ಎಲ್ಲವನ್ನೂ ನಡೆಸುವ ಒಂಬತ್ತು ತಿಂಗಳಲ್ಲಿ ಆ ಮಾತನ್ನು ಪಕ್ಕಕ್ಕೆ ತಳ್ಳಲು ಮನಸ್ಸು ಬರಲಿಲ್ಲ.

ಇಲ್ಲೇ ಬಾಟಲಿಯ ಹಿಂಬದಿ ಓದುವ ವಿಷಯ ಬರುತ್ತದೆ. ಘಟಕಗಳ ಪಟ್ಟಿಯಲ್ಲಿ ‘ಬಾಕುಚಿಯಾಲ್’ ಎಂದಿದ್ದರೆ ಅದು ಬೇರ್ಪಡಿಸಿ ಶುದ್ಧಗೊಳಿಸಿದ ಒಂದೇ ಅಂಶ. ‘ಸೊರಾಲಿಯಾ ಕೊರಿಲಿಫೋಲಿಯಾ’ ಎಂಬ ಗಿಡದ ಹೆಸರಿನ ಜೊತೆ ಬೀಜದೆಣ್ಣೆ ಅಥವಾ ಸಾರ ಎಂದಿದ್ದರೆ ಅದರಲ್ಲಿ ಸೊರಾಲೆನ್ ಸೇರಿದಂತೆ ಬೀಜದ ಇತರ ಅಂಶಗಳೂ ಇರಬಹುದು. ಶುದ್ಧ ಬಾಕುಚಿಯಾಲ್ ಜೇನಿನ ಬಣ್ಣದ, ಮಂದವಾದ, ಕಡ್ಡಿಗೆ ಅಂಟಿಕೊಳ್ಳುವ ದ್ರವ. ಅದರ ಡಬ್ಬದ ಜೊತೆ ಬರುವ ಪರೀಕ್ಷಾ ಪತ್ರದಲ್ಲಿ ನಾನು ಮೊದಲು ನೋಡುವುದು ಎರಡನ್ನು: ಶುದ್ಧತೆ ಎಷ್ಟು ಶೇಕಡಾ, ಸೊರಾಲೆನ್ ಎಷ್ಟು ಉಳಿದಿದೆ. ಕೊಳ್ಳುವವರ ಕೈಗೆ ಆ ಪತ್ರ ಬರುವುದೇ ಇಲ್ಲ. ‘ಸಸ್ಯಜನ್ಯ’ ಎಂಬ ಒಂದೇ ಪದದಡಿ ಈ ಎರಡೂ ಬಗೆಯ ಸರಕು ಮಾರಾಟವಾಗುತ್ತದೆ ಎಂಬುದು ನನಗೆ ಸಿಟ್ಟು ತರಿಸುವ ಸಂಗತಿ.

ಕೊನೆಗೆ ಬಸಿರಿನ ಉದ್ದಕ್ಕೂ ಬಾಕುಚಿಯಾಲ್ ಬೇಡವೆಂದು ನಿರ್ಧರಿಸಿದೆ. ಅದು ಅಪಾಯಕಾರಿ ಎಂದು ತಿಳಿದಲ್ಲ. ಸುಕ್ಕು ಕಾಯಬಲ್ಲದು, ಕಾಯಬಲ್ಲ ತೊಂದರೆಗಾಗಿ ಉತ್ತರವಿಲ್ಲದ ಪ್ರಶ್ನೆಯನ್ನು ಯಾಕೆ ಮೈಮೇಲೆ ಹಾಕಿಕೊಳ್ಳಬೇಕು ಅನ್ನಿಸಿತು. ನನ್ನ ಪ್ರಸೂತಿ ವೈದ್ಯೆಯೂ ಅದನ್ನೇ ಹೇಳಿದರು.

ಕಾಯಲಾಗದ ತೊಂದರೆಗಳೂ ಇದ್ದವು. ಗಲ್ಲದ ಸುತ್ತ ನೋವಿನ ಮೊಡವೆ, ಕೆನ್ನೆಯ ಮೇಲೆ ಬಂಗು. ಇವಕ್ಕೆ ವೈದ್ಯೆ ಅಜೆಲಾಯಿಕ್ ಆಮ್ಲದ ಕ್ರೀಮು ಬರೆದುಕೊಟ್ಟರು. ಗೋಧಿ, ಬಾರ್ಲಿಗಳಲ್ಲಿ ಸಹಜವಾಗಿ ಇರುವ ಆಮ್ಲವದು. ನಾನು ಒಪ್ಪಿದ್ದು ಅದಕ್ಕಾಗಿ ಅಲ್ಲ; ಚರ್ಮದಿಂದ ಒಳಗೆ ಹೋಗುವುದು ಶೇಕಡಾ 4ರಷ್ಟು ಮಾತ್ರ ಎಂದು ಅಳೆಯಲಾಗಿದೆ, ಗರ್ಭಿಣಿಯರಿಗೆ ವೈದ್ಯರು ಬಹುಕಾಲದಿಂದ ಕೊಡುತ್ತ ಬಂದಿದ್ದಾರೆ ಎಂಬ ಕಾರಣಕ್ಕೆ. ಬಂಗಿಗೆ ಸಾಮಾನ್ಯವಾಗಿ ಕೊಡುವ ಹೈಡ್ರೋಕ್ವಿನೋನ್ ಶೇಕಡಾ 35ರಿಂದ 45ರಷ್ಟು ಒಳಸೇರುತ್ತದೆ, ಅದನ್ನು ಮುಟ್ಟಲಿಲ್ಲ. ಬೆಳಗ್ಗೆ ಜಿಂಕ್ ಆಕ್ಸೈಡ್ ಮತ್ತು ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನ್ ಹಚ್ಚುತ್ತಿದ್ದೆ. ಬಂಗನ್ನು ಕಣ್ಣಿಗೆ ಕಾಣುವ ಬೆಳಕೂ ಹೆಚ್ಚಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೇಕು. ಉಳಿದದ್ದು ಸುವಾಸನೆಯಿಲ್ಲದ ಮಾಯಿಶ್ಚರೈಸರ್, ಅಷ್ಟೇ.

ಬಸಿರು ಗೊತ್ತಾಗುವ ಮುಂಚೆ ಬಾಕುಚಿಯಾಲ್ ಹಚ್ಚಿಕೊಳ್ಳುತ್ತಿದ್ದ ಗೆಳತಿಯೊಬ್ಬಳು ಅಳುತ್ತ ಫೋನ್ ಮಾಡಿದ್ದಳು. ಅಂಥವರಿಗೆ ನಾನು ಹೇಳುವುದು ಇಷ್ಟು: ಇಂದೇ ನಿಲ್ಲಿಸಿ, ಬಾಟಲಿಯನ್ನು ಮುಂದಿನ ತಪಾಸಣೆಗೆ ಒಯ್ದು ತೋರಿಸಿ, ಅಳುವುದು ಬೇಡ. ಮುಖಕ್ಕೆ ತೆಳುವಾಗಿ ಹಚ್ಚಿದ ಸೀರಮ್‌ನಿಂದ ಮಗುವಿಗೆ ಕೇಡಾಯಿತು ಎಂದು ಹೇಳಲು ಯಾವ ಆಧಾರವೂ ಇಲ್ಲ. ಮುಂದಕ್ಕೆ ಬೇಡ ಎನ್ನುವುದು ಬೇರೆ, ಹಿಂದಿನದಕ್ಕೆ ಹೆದರುವುದು ಬೇರೆ.

ಹಾಲೂಡಿಸುವಾಗ ಲೆಕ್ಕ ಸ್ವಲ್ಪ ಬದಲಾಯಿತು. ಮುಖಕ್ಕೆ ಹಚ್ಚಿದ್ದು ರಕ್ತ ಸೇರಿ, ಅಲ್ಲಿಂದ ಹಾಲಿಗೆ ಇಳಿಯುವಷ್ಟರಲ್ಲಿ ಉಳಿಯುವುದು ಅತ್ಯಲ್ಪ ಇರಬೇಕು. ಆದರೆ ಬಾಕುಚಿಯಾಲ್ ಕೊಬ್ಬಿನಲ್ಲಿ ಕರಗುವ ವಸ್ತು, ಹಾಲಿನಲ್ಲಿ ಕೊಬ್ಬಿದೆ, ಅಳತೆ ಮಾಡಿದ ವರದಿ ನನಗೆ ಸಿಗಲಿಲ್ಲ. ನನ್ನನ್ನು ಇದಕ್ಕಿಂತ ಹೆಚ್ಚು ಯೋಚನೆಗೆ ಹಚ್ಚಿದ್ದು ನೇರ ಸ್ಪರ್ಶ. ಹಾಲು ಕುಡಿದ ಮಗು ಹೆಗಲಿಗೆ ಒರಗಿ, ನನ್ನ ಕೆನ್ನೆಗೂ ಕುತ್ತಿಗೆಗೂ ಬಾಯಿ, ಕೈ ಉಜ್ಜುತ್ತ, ಅದೇ ಕೈಬೆರಳನ್ನು ಚೀಪುತ್ತಿತ್ತು. ಕೂಸಿನ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ನಮ್ಮದಕ್ಕಿಂತ ಬಹಳ ಹೆಚ್ಚು. ಆದ್ದರಿಂದ ಕುತ್ತಿಗೆ, ಎದೆಭಾಗಕ್ಕೆ ಏನನ್ನೂ ಹಚ್ಚಲಿಲ್ಲ. ಮುಖದ ಕ್ರೀಮನ್ನು ಮಗು ಮಲಗಿದ ಮೇಲೆ ಹಚ್ಚಿ, ಕೈ ತೊಳೆದು, ಬೆಳಗ್ಗೆ ಎತ್ತಿಕೊಳ್ಳುವ ಮುನ್ನ ಮುಖ ತೊಳೆಯುತ್ತಿದ್ದೆ. ಅಜೆಲಾಯಿಕ್ ಆಮ್ಲಕ್ಕೂ ಇದೇ ಕ್ರಮ.

ಮಗು ಹಾಲು ಬಿಟ್ಟ ಮೇಲೆ ಬಾಕುಚಿಯಾಲ್ ಆರಂಭಿಸಿದೆ, ಶುದ್ಧಗೊಳಿಸಿದ್ದನ್ನೇ. ಇದರಿಂದಲೂ ಅಲರ್ಜಿಯಾದ ವರದಿಗಳು ಇರುವುದರಿಂದ ಮೊದಲು ಕೆಲವು ದಿನ ಮೊಣಕೈ ಒಳಬದಿಗೆ ಹಚ್ಚಿ ನೋಡಿದೆ. ಕೆಂಪಾಗಲಿಲ್ಲ, ತುರಿಸಲಿಲ್ಲ. ಈಗ ರಾತ್ರಿ ಹೊತ್ತು ಮುಖಕ್ಕೆ ಹಚ್ಚುತ್ತಿದ್ದೇನೆ.