ನನ್ನ ಎಚ್‌ಡಿಎಲ್ 34 ಬಂದ ಮೇಲೆ

ತುಮಕೂರಿನ ಒಂದು ಲ್ಯಾಬ್‌ನಲ್ಲಿ ನಾನು ಟೆಕ್ನಿಷಿಯನ್. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಬೇರೆಯವರ ಲಿಪಿಡ್ ಪ್ರೊಫೈಲ್, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, ಎಷ್ಟು ಮಾಡಿದ್ದೇನೋ ಲೆಕ್ಕವಿಲ್ಲ. ನನ್ನದು ಮಾಡಿಕೊಂಡಿದ್ದು 2023ರ ಮಾರ್ಚ್‌ನಲ್ಲಿ, ಅದೂ ಅಣ್ಣನಿಗೆ 51ನೇ ವಯಸ್ಸಿಗೇ ಹಾರ್ಟ್ ಅಟ್ಯಾಕ್ ಆದ ಮೇಲೆ. ಆಗ ನನಗೆ 48.

ರಕ್ತ ತಿರುಗಿಸುವ ಸೆಂಟ್ರಿಫ್ಯೂಜ್‌ನಿಂದ ಟ್ಯೂಬ್ ತೆಗೆದಾಗಲೇ ಎದೆ ಧಸಕ್ ಅಂದಿತು. ಮೇಲೆ ನಿಲ್ಲುವ ಸೀರಮ್, ಅಂದರೆ ರಕ್ತದ ನೀರಿನಂಥ ಭಾಗ, ತಿಳಿ ಹಳದಿಯಾಗಿರಬೇಕು. ನನ್ನದು ಮಬ್ಬಾಗಿತ್ತು, ಅಕ್ಕಿ ತೊಳೆದ ನೀರು ಬೆರೆಸಿದ ಹಾಗೆ. ಟ್ರೈಗ್ಲಿಸರೈಡ್ ಅನ್ನುವ ಕೊಬ್ಬು 310. ಒಟ್ಟು ಕೊಲೆಸ್ಟ್ರಾಲ್ 214, 'ಕೆಟ್ಟ ಕೊಲೆಸ್ಟ್ರಾಲ್' ಅನ್ನುವ ಎಲ್‌ಡಿಎಲ್ 118. ಎಚ್‌ಡಿಎಲ್ 34. ಹೆಂಗಸರಲ್ಲಿ ಅದು 50ಕ್ಕಿಂತ ಕಡಿಮೆಯಿದ್ದರೆ ಕಡಿಮೆ ಅಂತಲೇ ಲೆಕ್ಕ, ಗಂಡಸರಲ್ಲಿ 40.

ನನ್ನ ಕಣ್ಣು ಆ 34ರ ಮೇಲೇ ನಿಂತುಬಿಟ್ಟಿತು. 'ಒಳ್ಳೆ ಕೊಲೆಸ್ಟ್ರಾಲ್' ಅಲ್ವಾ, ಅದನ್ನು ಏರಿಸಿದರೆ ಸಾಕು ಅಂದುಕೊಂಡೆ. ದಿನಾ ಒಂದು ಚಮಚ ಅಗಸೆ ಬೀಜ, ಎರಡು ಎಸಳು ಹಸಿ ಬೆಳ್ಳುಳ್ಳಿ, ನಾಲ್ಕು ಅಕ್ರೋಟ್. ಮೂರು ತಿಂಗಳು ಬಿಡದೆ ತಿಂದೆ. ಮತ್ತೆ ನೋಡಿದರೆ 35. ಬೇರೆ ಏನನ್ನೂ ಬದಲಿಸಿರಲಿಲ್ಲ. ಲ್ಯಾಬ್‌ನಲ್ಲಿ ದಿನಕ್ಕೆ ಐದು ಸಕ್ಕರೆ ಟೀ, ಎರಡು ಹೊತ್ತು ತಟ್ಟೆ ತುಂಬ ಅನ್ನ, ಸಂಜೆ ಬೋಂಡಾ, ಎಲ್ಲ ಹಾಗೇ ನಡೆದಿತ್ತು.

ಆಗ ಹೃದ್ರೋಗದ ಡಾಕ್ಟರ್ ಹತ್ತಿರ ಹೋದೆ. ಎಚ್‌ಡಿಎಲ್ ಏರಿಸುವ ಮಾತ್ರೆ ಕೊಡಿ ಸರ್ ಅಂತ ನಾನೇ ಕೇಳಿದೆ.

"ಅಂಥ ಮಾತ್ರೆ ಮಾಡಿ ನೋಡಿದ್ದಾರೆ ಕಣಮ್ಮ," ಅಂದರು. ಟಾರ್ಸೆಟ್ರಾಪಿಬ್ ಅನ್ನುವ ಔಷಧಿಯ ಕಥೆ ಹೇಳಿದರು. ಎಚ್‌ಡಿಎಲ್ ಅನ್ನು ಇದ್ದುದಕ್ಕಿಂತ ಮುಕ್ಕಾಲು ಪಾಲಿನ ಹತ್ತಿರ ಹೆಚ್ಚಿಸುತ್ತಿತ್ತಂತೆ. ಆದರೆ ಅದನ್ನು ತಗೊಂಡವರಲ್ಲೇ ಸಾವು ಜಾಸ್ತಿ ಕಂಡು 2006ರ ಡಿಸೆಂಬರ್‌ನಲ್ಲಿ ಪ್ರಯೋಗ ನಿಲ್ಲಿಸಿದರು. ನಯಾಸಿನ್ ಅನ್ನುವ ಬಿ ವಿಟಮಿನ್ ಕೂಡ ಎಚ್‌ಡಿಎಲ್ ಏರಿಸುತ್ತದೆ. ಎಲ್‌ಡಿಎಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ತಗೊಳ್ಳುತ್ತಿದ್ದವರಿಗೆ ಅದನ್ನೂ ಸೇರಿಸಿ ಕೊಟ್ಟು ನೋಡಿದ ದೊಡ್ಡ ಪ್ರಯೋಗಗಳಲ್ಲಿ ಹಾರ್ಟ್ ಅಟ್ಯಾಕ್ ಕಡಿಮೆಯಾಗಲಿಲ್ಲ. ಇಟಲಿಯ ಲಿಮೋನೆ ಅನ್ನುವ ಪುಟ್ಟ ಊರಿನ ಕೆಲವು ಮನೆತನಗಳಲ್ಲಿ ಎಚ್‌ಡಿಎಲ್ ಹುಟ್ಟಿನಿಂದಲೇ ತುಂಬಾ ಕಡಿಮೆ. ಆದರೂ ಅವರಲ್ಲಿ ಹೃದಯದ ಕಾಯಿಲೆ ಹೆಚ್ಚಿಲ್ಲ.

ಮನೆಗೆ ಬಂದ ಮೇಲೆ ನನ್ನದೇ ಕೆಲಸ ಬೇರೆ ಥರ ಕಾಣಿಸಿತು. ನಾನು ಸೇರಿದ ಹೊಸದರಲ್ಲಿ ಸೀರಮ್‌ಗೆ ಒಂದು ರಾಸಾಯನಿಕ ಹಾಕಿ ತಿರುಗಿಸುತ್ತಿದ್ದೆವು. ಎಲ್‌ಡಿಎಲ್ ಮತ್ತಿತರ ಕಣಗಳೆಲ್ಲ ತಳ ಸೇರುತ್ತಿದ್ದವು. ಮೇಲೆ ಉಳಿದ ತಿಳಿಯಲ್ಲಿ ಕೊಲೆಸ್ಟ್ರಾಲ್ ಎಷ್ಟಿದೆ ಅಂತ ನೋಡಿದರೆ ಅದೇ ಎಚ್‌ಡಿಎಲ್. ಈಗ ಮೆಷಿನ್ ನೇರವಾಗಿ ಕೊಡುತ್ತದೆ. ಎರಡರಲ್ಲೂ ನಾವು ಅಳೆಯುವುದು ಆ ಕಣಗಳಲ್ಲಿರುವ ಕೊಲೆಸ್ಟ್ರಾಲ್ ಎಷ್ಟು ಅಂತ ಮಾತ್ರ. ರಕ್ತನಾಳದ ಗೋಡೆಯಿಂದ ಕೊಲೆಸ್ಟ್ರಾಲ್ ಹೊತ್ತು ತರುವ ಕೆಲಸವನ್ನು ಅವು ಎಷ್ಟು ಚೆನ್ನಾಗಿ ಮಾಡುತ್ತಿವೆ ಅಂತ ಆ ಅಂಕಿ ಹೇಳುವುದಿಲ್ಲ.

ಹಾಗಂತ 34 ಸುಮ್ನೆ ಬಂದಿರಲಿಲ್ಲ. ರಕ್ತದಲ್ಲಿ ಟ್ರೈಗ್ಲಿಸರೈಡ್ ಜಾಸ್ತಿಯಾದರೆ ಅದರಲ್ಲೊಂದು ಪಾಲು ಎಚ್‌ಡಿಎಲ್ ಕಣಕ್ಕೂ ಸೇರಿಕೊಳ್ಳುತ್ತದೆ. ಅಂಥ ಕಣ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಯುವುದಿಲ್ಲ, ಬೇಗ ಕರಗಿಹೋಗುತ್ತದೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ನನ್ನ ಎಚ್‌ಬಿಎ1ಸಿ 6.1 ಇತ್ತು, ಸಕ್ಕರೆ ಕಾಯಿಲೆಯ ಹೊಸ್ತಿಲು. ಸೊಂಟದ ಸುತ್ತಳತೆ 94 ಸೆಂಟಿಮೀಟರ್. ಆ 34 ಇದನ್ನೆಲ್ಲ ತೋರಿಸುತ್ತಿತ್ತು. ನಮ್ಮ ದೇಶದಲ್ಲಿ ಇದು ನನ್ನೊಬ್ಬಳ ಕಥೆಯೂ ಅಲ್ಲ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ನವರು ಮೂರು ರಾಜ್ಯ ಮತ್ತು ಚಂಡೀಗಢದಲ್ಲಿ ನಡೆಸಿ 2014ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ. 72ರಷ್ಟು ಜನರಿಗೆ ಎಚ್‌ಡಿಎಲ್ ಕಡಿಮೆ ಇತ್ತು.

ಮೊದಲು ಟೀಗೆ ಸಕ್ಕರೆ ನಿಲ್ಲಿಸಿದೆ. ಹದಿನೈದು ದಿನ ಕಷ್ಟವಾಯಿತು, ಆಮೇಲೆ ಅದೇ ರೂಢಿಯಾಯಿತು. ಅನ್ನ ಅರ್ಧಕ್ಕೆ ಇಳಿಸಿ ಹುರುಳಿಕಾಳು, ಹೆಸರುಕಾಳು, ಸೊಪ್ಪಿನ ಪಲ್ಯ ಹೆಚ್ಚು ಮಾಡಿದೆ. ರಾಗಿ ಮುದ್ದೆ ಒಳ್ಳೆಯದು ಅಂತ ಮೊದಲು ಎರಡು ನುಂಗುತ್ತಿದ್ದೆ, ಒಂದಕ್ಕೆ ನಿಲ್ಲಿಸಿದೆ. ಬೆಳಗ್ಗೆ ಐದೂವರೆಗೆ ಅಮಾನಿಕೆರೆ ಹತ್ತಿರ ನಲವತ್ತು ನಿಮಿಷ ಜೋರು ನಡಿಗೆ. ಮಾತಾಡಬಹುದು, ಹಾಡೋಕೆ ಆಗಬಾರದು, ಅಷ್ಟು ಜೋರು. ಮಳೆ ಬಂದರೆ ಮನೆಯ ಮೆಟ್ಟಿಲು. ಏಳು ತಿಂಗಳಲ್ಲಿ ಆರು ಕೆಜಿ ಇಳಿದೆ.

ಟ್ರೈಗ್ಲಿಸರೈಡ್ 165ಕ್ಕೆ ಬಂತು. ಎಚ್‌ಡಿಎಲ್ 39. ಅಷ್ಟು ದುಡಿದಿದ್ದಕ್ಕೆ ಏರಿದ್ದು ಬರೀ ನಾಲ್ಕು! ನನಗೆ ಬೇಜಾರಾಯಿತು. ಡಾಕ್ಟರ್ ಖುಷಿಪಟ್ಟರು. ಅವರು ನೋಡುತ್ತಿದ್ದುದು ಬೇರೆ ಅಂಕಿ. ಒಟ್ಟು ಕೊಲೆಸ್ಟ್ರಾಲ್‌ನಲ್ಲಿ ಎಚ್‌ಡಿಎಲ್ ಕಳೆದರೆ ಉಳಿಯುವುದು ನಾನ್-ಎಚ್‌ಡಿಎಲ್. ರಕ್ತನಾಳದಲ್ಲಿ ಕಟ್ಟಿಕೊಳ್ಳುವ ಕೊಲೆಸ್ಟ್ರಾಲ್ ಎಲ್ಲ ಅದರಲ್ಲೇ ಇರುತ್ತದೆ. ನನ್ನದು 180ರಿಂದ 149ಕ್ಕೆ ಇಳಿದಿತ್ತು. ಎಲ್‌ಡಿಎಲ್ ಮಾತ್ರ ಇನ್ನೂ 116. ಅಣ್ಣನ ವಿಷಯ, ನನ್ನ ಸಕ್ಕರೆ, ಎರಡನ್ನೂ ನೋಡಿ ಅವರು ರೋಸುವಾಸ್ಟ್ಯಾಟಿನ್ ಅನ್ನುವ ಸ್ಟ್ಯಾಟಿನ್ ಶುರು ಮಾಡಿದರು. ಮಾತ್ರೆ ಅಂದಾಗ ಹಿಂಜರಿದೆ, ಆದರೆ ತಗೊಂಡೆ. ಮೂರು ತಿಂಗಳಿಗೆ ಎಲ್‌ಡಿಎಲ್ 73, ನಾನ್-ಎಚ್‌ಡಿಎಲ್ 99. ಎಚ್‌ಡಿಎಲ್ 41. ಈಗಲೂ ಅಲ್ಲೇ ಇದೆ, 50 ಮುಟ್ಟಿಲ್ಲ.

ಲ್ಯಾಬ್‌ನಲ್ಲಿ ರಿಪೋರ್ಟ್ ಕೊಡುವಾಗ ಬಹಳ ಜನ ಎಚ್‌ಡಿಎಲ್ ಸಾಲಿಗೇ ಬೆರಳಿಟ್ಟು, "ಇದು ಕಮ್ಮಿ ಇದೆಯಲ್ಲಮ್ಮ, ಏನು ತಿನ್ನಬೇಕು?" ಅಂತ ಕೇಳುತ್ತಾರೆ. ನಾನ್-ಎಚ್‌ಡಿಎಲ್ ನಮ್ಮ ರಿಪೋರ್ಟ್‌ನಲ್ಲಿ ಅಚ್ಚಾಗುವುದಿಲ್ಲ. ಆ ಕಳೆಯುವ ಲೆಕ್ಕವನ್ನು ನಾನು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಮಾಡಿ, ಡಾಕ್ಟರ್‌ಗೆ ಇದನ್ನೂ ತೋರಿಸಿ ಅಂತ ಹೇಳಿ ಕಳಿಸುತ್ತೇನೆ.